ಕತ್ತಿಗೆ ಸುತ್ತಿದ ಹೊಕ್ಕುಳಬಳ್ಳಿ: ಭಯ ಎಷ್ಟು, ನಿಜ ಎಷ್ಟು?

ಹೊಟ್ಟೆಯಲ್ಲಿರುವ ಮಗು ಮೂಗಿನಿಂದ ಉಸಿರಾಡುವುದಿಲ್ಲ. ಅದರ ಶ್ವಾಸಕೋಶದ ತುಂಬ ಇರುವುದು ಗಾಳಿಯಲ್ಲ, ದ್ರವ. ಉಸಿರಾಡುವಂತೆ ಎದೆ ಆಗಾಗ ಏರಿಳಿಯುತ್ತದೆ ನಿಜ, ಆದರೆ ಅದು ಮುಂದಿನ ದಿನಗಳಿಗೆ ನಡೆಸುವ ತಾಲೀಮು ಅಷ್ಟೆ. ಮಗುವಿಗೆ ಬೇಕಾದ ಆಮ್ಲಜನಕ ಅಮ್ಮನ ರಕ್ತದಿಂದ ಮಾಸಿಗೆ (ಪ್ಲಾಸೆಂಟಾ) ಬಂದು, ಅಲ್ಲಿಂದ ಹೊಕ್ಕುಳಬಳ್ಳಿಯಲ್ಲಿ ಹರಿದು ಬರುತ್ತದೆ.

ಸ್ಕ್ಯಾನಿಂಗ್ ರಿಪೋರ್ಟ್‌ನಲ್ಲಿ ‘ಕತ್ತಿನ ಸುತ್ತ ಬಳ್ಳಿ, ಒಂದು ಸುತ್ತು’ ಎಂದು ಕಂಡ ಕೂಡಲೇ ಮನೆಯವರೆಲ್ಲ ಗಾಬರಿಯಾಗುವುದು ಇದು ಗೊತ್ತಿಲ್ಲದೆ. ಕತ್ತು ಬಿಗಿದು ಉಸಿರು ಕಟ್ಟಿಬಿಡುತ್ತದೆ ಎಂಬ ಭಯ ಅದು. ಗಾಳಿಯೇ ಓಡಾಡದ ಗಂಟಲಲ್ಲಿ ಉಸಿರು ಕಟ್ಟುವುದಾದರೂ ಹೇಗೆ? ಗಮನ ಇರಬೇಕಾದದ್ದು ಮುಖ್ಯವಾಗಿ ಬಳ್ಳಿಯ ಮೇಲೆ. ಅದರೊಳಗೆ ರಕ್ತ ಸರಾಗವಾಗಿ ಹರಿಯುತ್ತಿದೆಯಾ ಅನ್ನುವುದೇ ಪ್ರಶ್ನೆ.

ಇದು ಅಪರೂಪದ ಸಂಗತಿಯೂ ಅಲ್ಲ. ಹುಟ್ಟುವ ಹೊತ್ತಿಗೆ ಸುಮಾರು ನಾಲ್ಕೈದು ಮಕ್ಕಳಲ್ಲಿ ಒಂದರ ಕತ್ತಿಗೆ ಬಳ್ಳಿ ಸುತ್ತಿಕೊಂಡಿರುತ್ತದೆ. ಹೆಚ್ಚಿನವರಲ್ಲಿ ಒಂದೇ ಸುತ್ತು, ಅದೂ ಸಡಿಲ. ಬಳ್ಳಿಯ ಉದ್ದ ಸಾಮಾನ್ಯವಾಗಿ 50ರಿಂದ 60 ಸೆಂಟಿಮೀಟರ್, ಅಂದರೆ ಹೆಚ್ಚೂಕಡಿಮೆ ಮಗುವಿನಷ್ಟೇ ಉದ್ದ. ಮಗು ಒದ್ದು, ಹೊರಳಿ, ಪಲ್ಟಿ ಹೊಡೆದಾಗ ಬಳ್ಳಿಗೆ ಆಗುವ ಎಳೆತವೇ ಅದನ್ನು ಬೆಳೆಸುತ್ತದೆ ಎಂದು ವಿಜ್ಞಾನಿಗಳು ನಂಬುತ್ತಾರೆ. ಯಾವುದೋ ಕಾಯಿಲೆಯಿಂದ ಗರ್ಭದಲ್ಲಿ ಸರಿಯಾಗಿ ಅಲುಗಾಡದ ಮಕ್ಕಳ ಬಳ್ಳಿ ಗಿಡ್ಡವಾಗಿರುವುದು ಇದಕ್ಕೆ ಒಳ್ಳೆಯ ಪುರಾವೆ. ಬಳ್ಳಿ ಉದ್ದವಿದ್ದಷ್ಟೂ ಸುತ್ತಿಕೊಳ್ಳುವುದು ಜಾಸ್ತಿ. ಹಾಗೆ ಬಿದ್ದ ಸುತ್ತು ಮಗು ಮತ್ತೊಂದು ಕಡೆ ಹೊರಳಿದಾಗ ಬಿಚ್ಚಿಕೊಳ್ಳಲೂಬಹುದು. ಅಮ್ಮ ಕೈ ಮೇಲೆತ್ತಿದ್ದಕ್ಕೋ, ಮಗ್ಗುಲು ಬದಲಿಸಿದ್ದಕ್ಕೋ ಹೀಗಾಯಿತು ಅನ್ನುವುದು ಸುಮ್ನೆ ಮಾತು. ಪಾಪ, ಅವಳ ತಪ್ಪು ಇಲ್ಲೇನೂ ಇಲ್ಲ.

ಬಳ್ಳಿಯ ರಚನೆ ನೋಡಿದರೆ, ಸುತ್ತು ಬಿದ್ದರೂ ಹೆಚ್ಚಿನ ಮಕ್ಕಳಿಗೆ ಯಾಕೆ ಏನೂ ಆಗುವುದಿಲ್ಲ ಎಂದು ಗೊತ್ತಾಗುತ್ತದೆ. ಒಳಗೆ ಮೂರು ರಕ್ತನಾಳಗಳಿವೆ: ಎರಡು ಅಪಧಮನಿ, ಒಂದು ಅಭಿಧಮನಿ. ಇಲ್ಲಿ ಕೆಲಸ ಉಲ್ಟಾ. ಆಮ್ಲಜನಕ ತುಂಬಿದ ರಕ್ತ ತರುವುದು ಅಭಿಧಮನಿ, ಬಳಸಿದ ರಕ್ತವನ್ನು ಮಾಸಿಗೆ ಒಯ್ಯುವುದು ಅಪಧಮನಿಗಳು. ಮೂರರ ಸುತ್ತಲೂ ಜಾರುವ, ಮೆತ್ತನೆಯ ಲೋಳೆ. 1656ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ಥಾಮಸ್ ವಾರ್ಟನ್ ಹೆಸರಿನಲ್ಲೇ ಇದನ್ನು ವಾರ್ಟನ್ಸ್ ಜೆಲ್ಲಿ ಎನ್ನುತ್ತಾರೆ. ಜೊತೆಗೆ ಇಡೀ ಬಳ್ಳಿ ಹಳೆಯ ಟೆಲಿಫೋನ್ ರಿಸೀವರಿನ ವೈರಿನಂತೆ ಸುರುಳಿ ಸುತ್ತಿಕೊಂಡಿರುತ್ತದೆ. ಹಾಗಾಗಿ ಸ್ವಲ್ಪ ಎಳೆದರೆ, ಒತ್ತಿದರೆ ರಕ್ತದ ಹರಿವು ನಿಂತುಬಿಡುವುದಿಲ್ಲ.

ನಿಜವಾದ ಪರೀಕ್ಷೆ ಹೆರಿಗೆ ನೋವಿನ ಹೊತ್ತಿನಲ್ಲಿ. ಮಗು ಕೆಳಗಿಳಿಯುವಾಗ ಸುತ್ತು ಬಿಗಿಯಬಹುದು. ಮೊದಲು ಒತ್ತಿಹೋಗುವುದು ಅಭಿಧಮನಿ, ಅದರ ಗೋಡೆ ತೆಳು. ಒತ್ತಡ ಇನ್ನೂ ಹೆಚ್ಚಿದರೆ ಅಪಧಮನಿಗಳ ಸರದಿ. ಆಗ ಮಗುವಿನ ರಕ್ತದೊತ್ತಡ ಥಟ್ಟನೆ ಏರುತ್ತದೆ, ಅದಕ್ಕೆ ಉತ್ತರವಾಗಿ ಹೃದಯ ನಿಧಾನವಾಗುತ್ತದೆ. ಮಾನಿಟರಿನ ಕಾಗದದ ಮೇಲೆ ಗೆರೆ ಕೆಳಗೆ ಕುಸಿದು ಮತ್ತೆ ಮೇಲೇಳುವುದು ಇದರಿಂದಲೇ. ನೋವು ಬಿಟ್ಟುಬಿಟ್ಟು ಬರುವುದರಿಂದ ನಡುವೆ ಮಗುವಿಗೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ಗೆರೆ ಬೇಗ ಮೇಲೇಳುತ್ತಿದ್ದರೆ ವೈದ್ಯರು ಕಾಯುತ್ತಾರೆ. ಪದೇ ಪದೇ ಆಳಕ್ಕೆ ಕುಸಿದು, ಏಳಲು ತಡವಾಗುತ್ತಿದ್ದರೆ ಆಗ ಸಿಸೇರಿಯನ್ ಮಾತು.

ಅದಕ್ಕೇ, ಸ್ಕ್ಯಾನಿಂಗ್‌ನಲ್ಲಿ ಒಂದು ಸುತ್ತು ಕಂಡಿತು ಎಂಬ ಒಂದೇ ಕಾರಣಕ್ಕೆ ಆಪರೇಷನ್‌ಗೆ ದಿನ ಗೊತ್ತು ಮಾಡುವುದು ನನಗಂತೂ ಸರಿ ಕಾಣುವುದಿಲ್ಲ. ರಕ್ತದ ಹರಿವನ್ನು ಬಣ್ಣದಲ್ಲಿ ಕಾಣಿಸುವ ಡಾಪ್ಲರ್ ಸ್ಕ್ಯಾನ್ ಬಳ್ಳಿ ಎಲ್ಲಿದೆ ಎಂದು ತೋರಿಸುತ್ತದೆ. ಎಷ್ಟು ಬಿಗಿಯಾಗಿದೆ, ಹೆರಿಗೆಯ ದಿನವೂ ಹಾಗೇ ಇರುತ್ತದಾ ಎಂದು ಖಚಿತವಾಗಿ ಹೇಳಲಾರದು. ಹಾಗಂತ ಅಪಾಯವೇ ಇಲ್ಲ ಅನ್ನುವಂತಿಲ್ಲ. ಹಲವು ಬಿಗಿ ಸುತ್ತುಗಳಿದ್ದರೆ, ಗರ್ಭದ ನೀರು ಕಡಿಮೆಯಿದ್ದರೆ, ಮಗುವಿನ ಬೆಳವಣಿಗೆ ಕುಂಠಿತವಾಗಿದ್ದರೆ ಹೆಚ್ಚು ನಿಗಾ ಬೇಕು. ಅಮ್ಮಂದಿರ ಕೈಯಲ್ಲಿರುವುದು ಒಂದೇ: ಮಗುವಿನ ಅಲುಗಾಟ ಗಮನಿಸುವುದು. ದಿನ ತುಂಬುತ್ತಾ ಬಂದಂತೆ ಮಗು ಸುಮ್ಮನಾಗುತ್ತದೆ ಎಂಬ ಮಾತು ತಪ್ಪು. ಅಲುಗಾಟ ಕಡಿಮೆ ಅನಿಸಿದರೆ ಬಳ್ಳಿ ಸುತ್ತಿರಲಿ, ಬಿಡಲಿ, ನಾಳೆ ನೋಡೋಣ ಎನ್ನದೆ ಆಗಲೇ ಆಸ್ಪತ್ರೆಗೆ ಹೋಗಬೇಕು.

ಹೆರಿಗೆ ಕೋಣೆಯಲ್ಲಿ ಇದು ದಿನನಿತ್ಯದ ಕೆಲಸ. ತಲೆ ಹೊರಬಂದ ಕೂಡಲೇ ಕತ್ತಿನ ಸುತ್ತ ಬೆರಳಾಡಿಸಿ ನೋಡುತ್ತಾರೆ. ಬಳ್ಳಿ ಸಡಿಲವಿದ್ದರೆ ಮಗುವಿನ ತಲೆಯ ಮೇಲಿಂದ ಜಾರಿಸಿ ತೆಗೆಯುತ್ತಾರೆ. ಬಿಗಿಯಿದ್ದರೆ ತಲೆಯನ್ನು ಅಮ್ಮನ ತೊಡೆಯ ಹತ್ತಿರವೇ ಹಿಡಿದು, ಮೈ ಪಲ್ಟಿ ಹೊಡೆಯುವಂತೆ ಹೊರಬರಲು ಬಿಟ್ಟು, ಆಮೇಲೆ ಸುತ್ತು ಬಿಡಿಸುತ್ತಾರೆ. ಮಗು ಪೂರ್ತಿ ಬರುವ ಮೊದಲೇ ಬಳ್ಳಿ ಕತ್ತರಿಸುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಯಾಕೆಂದರೆ ಮಾಸಿನಲ್ಲಿ ಉಳಿದ ರಕ್ತ ಆಮೇಲೆ ಮಗುವಿಗೆ ಸಿಗುವುದಿಲ್ಲ. ಬಿಗಿ ಸುತ್ತಿದ್ದ ಕೆಲವು ಮಕ್ಕಳ ಮುಖದಲ್ಲಿ ಸಣ್ಣ ಕೆಂಪು ಚುಕ್ಕೆಗಳು ಕಾಣುತ್ತವೆ. ಅವು ಕೆಲವು ದಿನಗಳಲ್ಲಿ ತಾವಾಗಿಯೇ ಮಾಯುತ್ತವೆ.