ಎಚ್‌ಪಿವಿ ಲಸಿಕೆ: ಅಮೆರಿಕದ ಲ್ಯಾಟಿನೋ ಮಕ್ಕಳಿಗೆ ತಲುಪಿದ್ದು ಹೇಗೆ, ತಡೆದದ್ದು ಯಾವುದು

2008ರಲ್ಲಿ ಅಮೆರಿಕದಲ್ಲಿ ಒಂದು ನಿಯಮ ಬಂತು. ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕುವ 11ರಿಂದ 26 ವರ್ಷದ ಹುಡುಗಿಯರು ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸಿಕೊಂಡಿರಲೇಬೇಕು. ಅಲ್ಲೇ ಹುಟ್ಟಿದ ಹುಡುಗಿಗೆ ಹೆಚ್ಚಿನ ರಾಜ್ಯಗಳಲ್ಲಿ ಅದು ಅವಳ ಮನೆಯವರ ಇಷ್ಟ, ವಲಸೆ ಬಂದವಳಿಗೆ ಮಾತ್ರ ಕಡ್ಡಾಯ! ಆಗ ಒಂದು ಡೋಸ್‌ಗೆ ಸುಮಾರು 120 ಡಾಲರ್, ಪೂರ್ತಿಯಾಗೋಕೆ ಮೂರು ಡೋಸ್. ಸರ್ಕಾರದ ಲಸಿಕೆ ಸಮಿತಿ ಶಿಫಾರಸು ಮಾಡಿದ್ದೆಲ್ಲ ವಲಸಿಗರಿಗೆ ಬೇಕು ಅಂತ 1996ರ ಕಾನೂನು ಹೇಳಿತ್ತು, ಹಾಗಾಗಿ ಹೊಸ ಲಸಿಕೆ ತಾನಾಗೇ ಪಟ್ಟಿಗೆ ಸೇರಿಕೊಂಡಿತು. ಲ್ಯಾಟಿನಾ, ಅಂದರೆ ಮೆಕ್ಸಿಕೋ, ಕೊಲಂಬಿಯಾದಂಥ ಲ್ಯಾಟಿನ್ ಅಮೆರಿಕ ದೇಶಗಳ ಮೂಲದ ಮಹಿಳೆಯರ ಸಂಘಟನೆಗಳು ಜಗಳವಾಡಿದವು, 2009ರ ಡಿಸೆಂಬರ್‌ನಲ್ಲಿ ನಿಯಮ ಹೋಯಿತು.

ಈ ಲಸಿಕೆ ಜಾಸ್ತಿ ಬೇಕಿದ್ದದ್ದು ಅದೇ ಮನೆಗಳಿಗೆ. ಅಮೆರಿಕದಲ್ಲಿ ಬಿಳಿಯ ಹೆಂಗಸರಿಗಿಂತ ಲ್ಯಾಟಿನಾ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ಹೆಚ್ಚು. ಟೆಕ್ಸಾಸ್–ಮೆಕ್ಸಿಕೋ ಗಡಿಯ ಊರುಗಳಲ್ಲಂತೂ ಇನ್ನೂ ಹೆಚ್ಚು. ಆ ಕ್ಯಾನ್ಸರ್‌ನ ಬೇರು ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ವೈರಸ್, ಅದನ್ನು ತಡೆಯುವ ಗಾರ್ಡಸಿಲ್ ಲಸಿಕೆಗೆ ಅನುಮತಿ ಸಿಕ್ಕಿದ್ದು 2006ರ ಜೂನ್‌ನಲ್ಲಿ.

ಶುರುವಿನಲ್ಲೇ ರಾಜಕೀಯ ನುಗ್ಗಿತು. 2007ರ ಫೆಬ್ರವರಿಯಲ್ಲಿ ಟೆಕ್ಸಾಸ್ ಗವರ್ನರ್ ರಿಕ್ ಪೆರ್ರಿ ಆರನೇ ತರಗತಿಗೆ ಸೇರುವ ಹುಡುಗಿಯರಿಗೆಲ್ಲ ಲಸಿಕೆ ಅಂತ ಆದೇಶ ಹೊರಡಿಸಿದರು, ಕೆಲವೇ ತಿಂಗಳಲ್ಲಿ ಶಾಸಕರು ಅದನ್ನು ರದ್ದು ಮಾಡಿದರು. ಕ್ಯಾನ್ಸರ್ ಮಾತು ಹಿಂದೆ ಬಿತ್ತು, ಹುಡುಗಿಯರ ನಡತೆಯ ಮಾತು ಮುಂದೆ ಬಂತು. ಹುಡುಗರೆಲ್ಲರಿಗೂ ಹಾಕಿ ಅಂತ ಶಿಫಾರಸು ಬಂದದ್ದು 2011ರಲ್ಲಿ.

ಹಾಗಾದರೆ ಲ್ಯಾಟಿನೋ ತಂದೆ ತಾಯಿ ಹಿಂದೇಟು ಹಾಕಿದರಾ? ಕ್ಯಾಥೊಲಿಕ್ ಮನೆ, ಮಕ್ಕಳ ಜೊತೆ ಇಂಥ ವಿಷಯ ಮಾತಾಡೋದಿಲ್ಲ, ಅದಕ್ಕೇ ಬೇಡ ಅಂತಾರೆ ಅಂತ ತುಂಬಾ ಜನ ಅಂದುಕೊಂಡಿದ್ದರು. ಆದರೆ ಸರ್ಕಾರದ ಸಮೀಕ್ಷೆಗಳಲ್ಲಿ ಮೊದಲ ಡೋಸ್ ಹಾಕಿಸಿಕೊಂಡ ಲ್ಯಾಟಿನೋ ಮಕ್ಕಳ ಪ್ರಮಾಣ ಹಲವು ವರ್ಷ ಬಿಳಿಯ ಮಕ್ಕಳಿಗಿಂತ ಜಾಸ್ತಿಯೇ ಇತ್ತು. ಇದು ಎಲ್ಲರಿಗೂ ಗೊತ್ತಾಗಬೇಕಾದ ಮಾತು. ಇದಕ್ಕೆ ಒಂದು ಕಾರಣ 1994ರಲ್ಲಿ ಶುರುವಾದ ಮಕ್ಕಳ ಉಚಿತ ಲಸಿಕೆ ಯೋಜನೆ. 1989ರಿಂದ 91ರವರೆಗೆ ಹರಡಿದ ದಡಾರ ದೊಡ್ಡ ನಗರಗಳ ಬಡ ಲ್ಯಾಟಿನೋ, ಕಪ್ಪು ಮಕ್ಕಳನ್ನು ಕಾಡಿದ ಮೇಲೆ ಹುಟ್ಟಿದ್ದು ಅದು. ಇನ್ನೊಂದು ಕಾರಣ ಊರಿನಿಂದ ತಂದ ಅಭ್ಯಾಸ. ಮೆಕ್ಸಿಕೋದಲ್ಲಿ ಮಗುವಿನ ಲಸಿಕೆ ಕಾರ್ಡನ್ನು 'ಕಾರ್ತಿಯಾ' ಅಂತಾರೆ, ನಮ್ಮ ತಾಯಿ ಕಾರ್ಡಿನ ಹಾಗೆ ಅದನ್ನು ಜೋಪಾನ ಮಾಡುತ್ತಾರೆ.

ಎಡವಿದ್ದು ಬೇರೆ ಕಡೆ. ಮೊದಲನೆಯದು, ಡಾಕ್ಟರು ಹೇಳಲೇ ಇಲ್ಲ ಅನ್ನುವುದು. ಡಾಕ್ಟರು ನೇರವಾಗಿ, ಗಟ್ಟಿಯಾಗಿ ಹೇಳಿದರೆ ಈ ತಾಯಂದಿರಲ್ಲಿ ಹೆಚ್ಚಿನವರು ಒಪ್ಪುತ್ತಾರೆ, ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು ಇದೇ. ಸ್ಪ್ಯಾನಿಷ್ ಬಾರದ ಡಾಕ್ಟರು, ಇಂಗ್ಲಿಷ್ ಬಾರದ ತಾಯಿ, ನಡುವೆ ಹನ್ನೊಂದು ವರ್ಷದ ಮಗಳೇ ಅನುವಾದಕಿ. ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ ಬಗ್ಗೆ ಆ ಮಗು ತಾಯಿಗೆ ಹೇಗೆ ಹೇಳಬೇಕು? ಹೆಸರಲ್ಲೂ ಗೊಂದಲ. ಸ್ಪ್ಯಾನಿಷ್‌ನಲ್ಲಿ ಇದು ವಿಪಿಎಚ್, ಏಡ್ಸ್ ತರುವ ವೈರಸ್ ವಿಐಎಚ್. ಒಂದೇ ಅಕ್ಷರದ ವ್ಯತ್ಯಾಸ, ಬೆಚ್ಚಿ ಬೀಳದೆ ಇರ್ತಾರಾ?

ಎರಡನೆಯದು, ಮುಂದಿನ ಡೋಸ್. ಮೆಕ್ಸಿಕೋದಲ್ಲಿ 2012ರಿಂದ ದೇಶದ ಎಲ್ಲ ಕಡೆ ಹುಡುಗಿಯರಿಗೆ ಶಾಲೆಯಲ್ಲೇ ಈ ಲಸಿಕೆ ಹಾಕತೊಡಗಿದರು. ಗಡಿ ದಾಟಿದರೆ ಕ್ಲಿನಿಕ್‌ಗೆ ಹೋಗಬೇಕು, ದಿನಗೂಲಿ ಬಿಡಬೇಕು, ಅದೂ ಮೂರು ಸಲ. 2016ರ ಕೊನೆಗೆ, 15 ತುಂಬುವ ಮೊದಲೇ ಶುರು ಮಾಡುವವರಿಗೆ ಎರಡೇ ಡೋಸ್ ಸಾಕು ಅಂತಾಯಿತು. ಎಷ್ಟೋ ಮನೆಗಳಿಗೆ ಒಂದು ದಿನದ ಸಂಬಳ ಉಳಿಯಿತು.

ಲ್ಯಾಟಿನೋ ಅಂದರೆ ಎಲ್ಲರೂ ಒಂದೇ ಅಂತಲೂ ಅಲ್ಲ. 2014ರಲ್ಲಿ ಕೊಲಂಬಿಯಾದ ಎಲ್ ಕಾರ್ಮೆನ್ ದೆ ಬೊಲಿವಾರ್ ಊರಿನಲ್ಲಿ ಲಸಿಕೆ ಹಾಕಿಸಿಕೊಂಡಿದ್ದ ಹುಡುಗಿಯರು ಸಾಲು ಸಾಲಾಗಿ ಕುಸಿದು ಬಿದ್ದರು. ಲಸಿಕೆ ಕಾರಣವಲ್ಲ, ಭಯ ಗುಂಪಿನಲ್ಲಿ ಹರಡಿದ್ದು ಅಂತ ತನಿಖೆ ಹೇಳಿತು. ಅಷ್ಟರಲ್ಲಿ ವಿಡಿಯೊಗಳು ಎಲ್ಲ ಕಡೆ ಹಬ್ಬಿದ್ದವು, ಆ ದೇಶದಲ್ಲಿ ಲಸಿಕೆ ಹಾಕಿಸುವವರ ಸಂಖ್ಯೆ ನೆಲ ಕಚ್ಚಿತು.

ಫಲ ಕೊಟ್ಟದ್ದೂ ಇದೆ. ನಮ್ಮ ಆಶಾ ಕಾರ್ಯಕರ್ತೆಯರನ್ನು ನೆನಪಿಸುವ 'ಪ್ರೊಮೊತೋರಾ'ಗಳು ಅದೇ ಬೀದಿಯವರು, ಅದೇ ಭಾಷೆಯವರು, ಅಡುಗೆಮನೆಯಲ್ಲಿ ಕೂತು ತಾಯಂದಿರ ಅನುಮಾನ ಬಿಡಿಸುತ್ತಾರೆ. ಗಡಿಯ ರಿಯೊ ಗ್ರಾಂಡೆ ಸಿಟಿಯಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ವೈದ್ಯರು 2016ರಿಂದ ಶಾಲೆಗೇ ಹೋಗಿ ಲಸಿಕೆ ಹಾಕಿದರು, ಹಾಕಿಸಿಕೊಂಡವರ ಸಂಖ್ಯೆ ಏರಿತು.

ಆಮೇಲೆ ಗ್ರೀನ್ ಕಾರ್ಡ್ ಮತ್ತೆ ನಡುವೆ ಬಂತು. ಸರ್ಕಾರದ ಸವಲತ್ತು ಪಡೆದವರಿಗೆ ಗ್ರೀನ್ ಕಾರ್ಡ್ ಕಷ್ಟ ಅನ್ನುವ ನಿಯಮ 2020ರ ಫೆಬ್ರವರಿಯಲ್ಲಿ ಜಾರಿಯಾಗಿ 2021ರ ಮಾರ್ಚ್‌ವರೆಗೆ ಇತ್ತು. ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್ ಕೂಡ ಅದರಲ್ಲಿತ್ತು. ಮಕ್ಕಳ ಮೆಡಿಕೇಡ್‌ಗೆ ಅದು ಅನ್ವಯಿಸುತ್ತಿರಲಿಲ್ಲ, ಆದರೂ ಹೆದರಿದ ಅಪ್ಪ ಅಮ್ಮಂದಿರು ಮಕ್ಕಳ ಹೆಸರನ್ನೇ ತೆಗೆಸಿದರು. ಮೇಲೆ ಕೋವಿಡ್ ಬೇರೆ. 2022ರ ಸಮೀಕ್ಷೆಯಲ್ಲಿ ಮೆಡಿಕೇಡ್ ಮಕ್ಕಳಲ್ಲಿ ಮೊದಲ ಡೋಸ್ ಹಾಕಿಸಿಕೊಂಡವರ ಪ್ರಮಾಣ ಇಳಿಯಿತು. ಲ್ಯಾಟಿನೋ ಮಕ್ಕಳಲ್ಲಿ ತುಂಬಾ ಜನ ಇರುವುದು ಆ ಮೆಡಿಕೇಡ್‌ನಲ್ಲೇ, ಅದಕ್ಕೇ ಈ ಇಳಿಕೆ ಓದಿದಾಗ ನನಗೆ ನಿಜಕ್ಕೂ ಭಯವಾಯಿತು.