ಕಸ್ತಿಯೋ ದೆ ಸಾನ್ ಮಾರ್ಕೋಸ್: ಯುದ್ಧದಲ್ಲಿ ಸೋಲದೆ ಕೈ ಬದಲಾದ ಕೋಟೆ

ವಸಾಹತು ಕಾಲದ ಅಮೆರಿಕ ಎಂದೊಡನೆ ನಾವು ಇಂಗ್ಲಿಷರ ಹದಿಮೂರು ವಸಾಹತುಗಳಿಂದ ಓದು ಶುರುಮಾಡುತ್ತೇವೆ. ಅವುಗಳಿಗಿಂತ ಮೊದಲೇ, 1565ರಲ್ಲಿ, ಸ್ಪೇನಿನ ಪೆದ್ರೋ ಮೆನೆಂದೆಸ್ ದೆ ಅವಿಲೆಸ್ ಫ್ಲಾರಿಡಾದ ಪೂರ್ವ ಕರಾವಳಿಯಲ್ಲಿ ಸೇಂಟ್ ಅಗಸ್ಟೀನ್ ಊರನ್ನು ಕಟ್ಟಿದ್ದ. ಈ ಟಿಪ್ಪಣಿ ಆ ಊರಿನ ಕೋಟೆಯದು.

ಮೊದಲು ಊರಿನ ಮಹತ್ವ. ಕ್ಯೂಬಾದ ಹವಾನಾದಿಂದ ಬೆಳ್ಳಿ ಹೇರಿಕೊಂಡು ಹೊರಟ ಹಡಗುಗಳು ಗಲ್ಫ್ ಸ್ಟ್ರೀಮ್ ಪ್ರವಾಹ ಹಿಡಿದು ಫ್ಲಾರಿಡಾದ ತೀರದುದ್ದಕ್ಕೂ ಸಾಗಿ ಸ್ಪೇನಿನ ಕಡೆ ತಿರುಗುತ್ತಿದ್ದವು. ಈ ತೀರ ಶತ್ರುಗಳ ಪಾಲಾದರೆ ಆ ದಾರಿಯೇ ಅಪಾಯಕ್ಕೆ ಬೀಳುತ್ತಿತ್ತು. ಆದರೂ ನೂರು ವರ್ಷ ಮರದ ಕೋಟೆಗಳಲ್ಲೇ ಕಾಲ ಕಳೆದರು. 1586ರಲ್ಲಿ ಫ್ರಾನ್ಸಿಸ್ ಡ್ರೇಕ್ ಊರನ್ನು ಸುಟ್ಟ. 1668ರಲ್ಲಿ ರಾಬರ್ಟ್ ಸರ್ಲ್ ಎಂಬ ಕಡಲ್ಗಳ್ಳ ಲೂಟಿ ಮಾಡಿದ. ಆಮೇಲಷ್ಟೇ ಸ್ಪೇನಿನ ರಾಣಿ ಮರಿಯಾನಾ ಕಲ್ಲಿನ ಕೋಟೆಗೆ ಹಣ ಮಂಜೂರು ಮಾಡಿದಳು. 1670ರಲ್ಲಿ ಇಂಗ್ಲಿಷರು ಉತ್ತರಕ್ಕೆ ಚಾರ್ಲ್ಸ್ ಟೌನ್ ಕಟ್ಟಿದ್ದರಿಂದ ಅವಸರ ಇನ್ನೂ ಹೆಚ್ಚಿತು. ಇಗ್ನಾಸಿಯೋ ದಾಸಾ ಎಂಬ ಎಂಜಿನಿಯರ್‌ನ ನಕ್ಷೆಯಂತೆ 1672ರಲ್ಲಿ ಕೆಲಸ ಆರಂಭವಾಗಿ 1695ರ ಹೊತ್ತಿಗೆ ಕೋಟೆ ಎದ್ದು ನಿಂತಿತು. ಚೌಕಾಕಾರ, ನಾಲ್ಕು ಮೂಲೆಗೂ ಚೂಪಾದ ಕೊತ್ತಲ, ಸುತ್ತ ಕಂದಕ.

ಕಲ್ಲಿನ ವಿಷಯವನ್ನು ನಿಧಾನವಾಗಿ ಓದಬೇಕು. ಎದುರಿನ ಅನಸ್ತಾಸಿಯಾ ದ್ವೀಪದಲ್ಲಿ ಸಿಗುವ ಕೊಕ್ವಿನಾ ಎಂದರೆ ಸಣ್ಣ ಚಿಪ್ಪುಗಳು ಸಾವಿರಾರು ವರ್ಷಗಳಲ್ಲಿ ಅಂಟಿಕೊಂಡು ಗಟ್ಟಿಯಾದ ಕಲ್ಲು. ಒಳಗೆಲ್ಲ ಸೂಕ್ಷ್ಮ ರಂಧ್ರಗಳು. ಗಟ್ಟಿ ಕಲ್ಲಾದರೆ ಫಿರಂಗಿ ಗುಂಡು ಬಡಿದಾಗ ಬಿರುಕು ಬಿಟ್ಟು ಚೂರಾಗುತ್ತದೆ. ಇದು ಒಳಕ್ಕೆ ಕುಗ್ಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಗಾರೆಯ ಸುಣ್ಣವೂ ಸಿಂಪಿ ಚಿಪ್ಪನ್ನು ಸುಟ್ಟು ಮಾಡಿದ್ದು. ಕಲ್ಲು ಒಡೆದು ಹೊತ್ತವರಲ್ಲಿ ಗ್ವಾಲೆ, ತಿಮುಕ್ವಾ, ಅಪಲಾಚೀ ಮೂಲನಿವಾಸಿಗಳು, ಕೈದಿಗಳು, ಗುಲಾಮರಾಗಿದ್ದ ಆಫ್ರಿಕನ್ನರು ಇದ್ದರು. ಕೋಟೆ ಕಟ್ಟಿದವರು ಯಾರು ಎಂಬ ಪ್ರಶ್ನೆಗೆ ದಾಸಾನ ಹೆಸರು ಬರೆದು ಇವರನ್ನು ಬಿಟ್ಟರೆ ಉತ್ತರ ಅರ್ಧವೇ ಆದೀತು.

1702ರಲ್ಲಿ ಕರೋಲಿನಾದ ಗವರ್ನರ್ ಜೇಮ್ಸ್ ಮೂರ್ ಮುತ್ತಿಗೆ ಹಾಕಿದ. ಸುಮಾರು 1,500 ಜನ, ಸೈನಿಕರೂ ಊರವರೂ ಸೇರಿ, ಏಳು ವಾರ ಗೋಡೆಯೊಳಗೆ ಉಳಿದರು. ಹವಾನಾದಿಂದ ಹಡಗುಗಳು ಬಂದಾಗ ಮೂರ್ ಊರಿಗೆ ಬೆಂಕಿಯಿಟ್ಟು ಹಿಂತಿರುಗಿದ. 1740ರಲ್ಲಿ ಜಾರ್ಜಿಯಾದ ಜೇಮ್ಸ್ ಓಗಲ್‌ಥಾರ್ಪ್ ಗುಂಡಿನ ಮಳೆಗರೆದರೂ ಗೋಡೆ ಜಗ್ಗಲಿಲ್ಲ. ಆ ವರ್ಷದ ಇನ್ನೊಂದು ಸಂಗತಿಗೆ ಹೆಚ್ಚು ಗಮನ ಸಿಗಬೇಕು. ಇಂಗ್ಲಿಷ್ ತೋಟಗಳಿಂದ ತಪ್ಪಿಸಿಕೊಂಡು ಬಂದು ಕ್ಯಾಥೊಲಿಕರಾದ ಗುಲಾಮರಿಗೆ ಸ್ಪೇನಿನ ದೊರೆ 1693ರಲ್ಲೇ ಬಿಡುಗಡೆ ಘೋಷಿಸಿದ್ದ. ಹಾಗೆ ಬಂದವರಿಗಾಗಿ 1738ರಲ್ಲಿ ಉತ್ತರಕ್ಕೆ ಮೋಸೆ ಎಂಬ ನೆಲೆ ಹುಟ್ಟಿತು. ಓಗಲ್‌ಥಾರ್ಪ್‌ನ ಪಡೆ ಹಿಡಿದ ಮೋಸೆಯನ್ನು ಮರಳಿ ಗೆದ್ದವರಲ್ಲಿ ಆ ಸ್ವತಂತ್ರ ಕಪ್ಪು ಜನರೂ ಇದ್ದರು.

ಬಲದಿಂದ ಯಾರೂ ಗೆಲ್ಲದ ಕೋಟೆ 1763ರ ಪ್ಯಾರಿಸ್ ಒಪ್ಪಂದದಲ್ಲಿ ಬ್ರಿಟನ್ನಿಗೆ ಹೋಯಿತು. ಬ್ರಿಟಿಷರು ವಶಪಡಿಸಿಕೊಂಡಿದ್ದ ಹವಾನಾವನ್ನು ಹಿಂಪಡೆಯಲು ಸ್ಪೇನ್ ಫ್ಲಾರಿಡಾವನ್ನೇ ಬಿಟ್ಟುಕೊಟ್ಟಿತು. (ನಾವು ಮೂರನೆಯ ಕರ್ನಾಟಿಕ್ ಯುದ್ಧವೆಂದು ಓದುವುದೂ ಈ ಒಪ್ಪಂದದಿಂದಲೇ ಮುಗಿದದ್ದು; ಎರಡನ್ನೂ ಜೊತೆಗಿಟ್ಟುಕೊಂಡರೆ ಇಸವಿ ಮರೆಯುವುದಿಲ್ಲ.) 1783ರಲ್ಲಿ ಮತ್ತೆ ಸ್ಪೇನಿಗೆ, 1821ರಲ್ಲಿ ಅಮೆರಿಕಕ್ಕೆ.

ಆಶ್ರಯವಾಗಿದ್ದ ಗೋಡೆಗಳು ಅಮೆರಿಕದ ಕೈಯಲ್ಲಿ ಸೆರೆಮನೆಯಾದವು. 1837ರಲ್ಲಿ ಫ್ಲಾರಿಡಾದ ಮೂಲನಿವಾಸಿಗಳಾದ ಸೆಮಿನೋಲರ ನಾಯಕ ಓಸಿಯೋಲನನ್ನು ಸಂಧಾನದ ಬಿಳಿ ಬಾವುಟದಡಿಯಲ್ಲೇ ಹಿಡಿದು ಇಲ್ಲಿಟ್ಟರು. ಇದು ನನಗೆ ನಾಚಿಕೆಗೇಡಿನ ಕೃತ್ಯವಾಗಿಯೇ ಕಾಣುತ್ತದೆ. 1875ರಿಂದ 1878ರವರೆಗೆ ಶಯೆನ್, ಕಯೋವಾ ಮುಂತಾದ ಬಯಲುಸೀಮೆಯ ಬುಡಕಟ್ಟುಗಳವರು ಇಲ್ಲಿ ಬಂದಿಗಳು. ಅವರು ಲೆಕ್ಕದ ಪುಸ್ತಕದ ಹಾಳೆಗಳಲ್ಲಿ ಬಿಡಿಸಿದ ಚಿತ್ರಗಳು ಇಂದು ಅಮೂಲ್ಯ ದಾಖಲೆಗಳು. ಅವರ ಉಸ್ತುವಾರಿ ನೋಡಿದ ಅಧಿಕಾರಿ ರಿಚರ್ಡ್ ಪ್ರಾಟ್, ಇಲ್ಲಿ ಮಾಡಿ ನೋಡಿದ್ದನ್ನೇ ಮುಂದುವರಿಸಿ 1879ರಲ್ಲಿ ಕಾರ್ಲೈಲ್ ವಸತಿ ಶಾಲೆ ತೆರೆದ. ಅಲ್ಲಿ ಮೂಲನಿವಾಸಿ ಮಕ್ಕಳ ಕೂದಲು ಕತ್ತರಿಸಿದರು, ಅವರ ಭಾಷೆಯನ್ನು ನಿಷೇಧಿಸಿದರು.

1900ರಲ್ಲಿ ಸೇನೆಯ ಬಳಕೆ ನಿಂತಿತು. 1924ರಲ್ಲಿ ಅಧ್ಯಕ್ಷ ಕೂಲಿಜ್ ರಾಷ್ಟ್ರೀಯ ಸ್ಮಾರಕವೆಂದು ಸಾರಿದರು, 1933ರಲ್ಲಿ ಅದು ರಾಷ್ಟ್ರೀಯ ಉದ್ಯಾನ ಇಲಾಖೆಗೆ ಸೇರಿತು. ಹಳೆಯ ದಾಖಲೆ ಹುಡುಕುವವರು ಒಂದು ಗುರುತಿಟ್ಟುಕೊಳ್ಳಿ: ಬ್ರಿಟಿಷರ ಕಾಲದ ಕಾಗದಗಳಲ್ಲಿ ಇದು ಫೋರ್ಟ್ ಸೇಂಟ್ ಮಾರ್ಕ್, ಅಮೆರಿಕದವರು 1825ರಲ್ಲಿ ಫೋರ್ಟ್ ಮೇರಿಯನ್ ಎಂದು ಹೆಸರಿಟ್ಟರು, ಸೆರೆಮನೆಯ ದಾಖಲೆಗಳೆಲ್ಲ ಆ ಹೆಸರಿನಲ್ಲೇ ಇವೆ. ಹಳೆಯ ಸ್ಪ್ಯಾನಿಷ್ ಹೆಸರು ಮರಳಿದ್ದು 1942ರಲ್ಲಿ.