ವಾಕ್ಯದ ಬಾಲ ನುಂಗಿದರೆ ಅರ್ಥವೇ ಹೋಯಿತು

"ಈ ರಸ್ತೆ ಅಗಲವಾದರೆ ನಮ್ಮೂರ ಕೆರೆಗೆ ತೊಂದರೆ ಆಗ್…"

ಸಭೆಯಲ್ಲಿ ಮುಂದಿನ ಎರಡು ಸಾಲಿನವರಿಗೆ ವಾಕ್ಯ ಪೂರ್ತಿ ಕೇಳಿಸಿತು. ಹಿಂದೆ ಕಂಬದ ಪಕ್ಕ ಕೂತವರಿಗೆ ಕೇಳಿದ್ದು ಇಷ್ಟೇ. ತೊಂದರೆ ಆಗ್ತದೋ, ಆಗಲ್ಲವೋ, ಆಗಬಹುದೋ, ಆಗಬಾರದೋ? ಭಾಷಣಕಾರರು ಆಗಲೇ ಮುಂದಿನ ವಾಕ್ಯಕ್ಕೆ ಹೋಗಿಬಿಟ್ಟಿದ್ದಾರೆ.

ಕನ್ನಡದಲ್ಲಿ ಮಾತಾಡುವವರಿಗೆ ಇರುವ ವಿಶೇಷ ತೊಡಕು ಇದು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕಟ್ಟಕಡೆಗೆ. ಹೌದೋ ಅಲ್ಲವೋ, ನಡೆದದ್ದೋ ನಡೆಯಲಿರುವುದೋ, ಮಾಡಬೇಕೋ ಮಾಡಬಾರದೋ, ಎಲ್ಲವೂ ಆ ಕೊನೆಯ ನಾಲ್ಕೈದು ಅಕ್ಷರಗಳಲ್ಲಿ ಅಡಗಿರುತ್ತದೆ. ಇಂಗ್ಲಿಷಿನಲ್ಲಿ 'ನಾಟ್' ಎನ್ನುವುದು ಸಾಮಾನ್ಯವಾಗಿ ವಾಕ್ಯ ಅರ್ಧ ದಾಟುವ ಮುಂಚೆಯೇ ಬಂದಿರುತ್ತದೆ. ಬಾಲ ಕೇಳಿಸದಿದ್ದರೂ ಕೇಳುಗ ಹೇಗೋ ಹೊಂದಿಸಿಕೊಳ್ಳುತ್ತಾನೆ. ಇಂಗ್ಲಿಷ್ ಭಾಷಣ ಕಲೆಯ ಕೈಪಿಡಿಗಳನ್ನು ಹಾಗೆಹಾಗೇ ಕನ್ನಡಕ್ಕೆ ತಂದಾಗ ಈ ಒಂದು ಸಂಗತಿ ತಪ್ಪಿಹೋಗುತ್ತದೆ. ಉಸಿರು ಮುಗಿಯುವ ಜಾಗವೂ ಕ್ರಿಯಾಪದ ಕೂತಿರುವ ಜಾಗವೂ ನಮ್ಮಲ್ಲಿ ಒಂದೇ.

ಉಸಿರು ಯಾಕೆ ಅಲ್ಲೇ ಮುಗಿಯುತ್ತದೆ? ಸುಮ್ಮನೆ ಕೂತಾಗ ನಾವು ಒಂದು ಸಲಕ್ಕೆ ಒಳಗೆಳೆದುಕೊಳ್ಳುವುದು ಸುಮಾರು ಅರ್ಧ ಲೀಟರ್ ಗಾಳಿ. ಮಾತಾಡುವಾಗ ಲೆಕ್ಕ ಬೇರೆ: ಅರ್ಧ ಸೆಕೆಂಡಿನಲ್ಲಿ ಗಬಕ್ಕನೆ ಎಳೆದುಕೊಂಡ ಗಾಳಿಯನ್ನು ಮೂರರಿಂದ ಐದು ಸೆಕೆಂಡ್ ತನಕ ಸಣ್ಣಗೆ ಬಿಡುತ್ತಾ ಹೋಗುತ್ತೇವೆ. ಆ ಗಾಳಿ ಗಂಟಲಿನ ಧ್ವನಿತಂತುಗಳನ್ನು ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100–120 ಸಲ, ಹೆಂಗಸರಲ್ಲಿ ಸುಮಾರು 200 ಸಲ ನಡುಗಿಸುತ್ತದೆ. ಮೊದಮೊದಲು ಶ್ವಾಸಕೋಶ ಊದಿದ ಬಲೂನಿನ ಹಾಗೆ ತಾನಾಗಿಯೇ ಕುಗ್ಗಿ ಗಾಳಿ ತಳ್ಳುತ್ತದೆ, ನಮಗೇನೂ ಶ್ರಮವಿಲ್ಲ. ಒಂದು ಹಂತ ದಾಟಿದ ಮೇಲೆ ಬಲೂನಿನ ಬಿಗಿ ಹೋಗಿ, ಹೊಟ್ಟೆ ಮತ್ತು ಪಕ್ಕೆಯ ಸ್ನಾಯುಗಳು ಬಲ ಹಾಕಿ ಹಿಂಡಬೇಕಾಗುತ್ತದೆ. ಅಭ್ಯಾಸವಿಲ್ಲದವರು ಹಿಂಡುವುದಿಲ್ಲ. ಒತ್ತಡ ಇಳಿಯುತ್ತದೆ, ದನಿ ತಗ್ಗುತ್ತದೆ, 'ಆಗುವುದಿಲ್ಲ' ಎಂಬುದು ಗೊಣಗಾಟವಾಗಿ ಉಳಿಯುತ್ತದೆ.

ಈ ಒತ್ತಡ ಎಷ್ಟೆಂದು ಮನೆಯಲ್ಲೇ ನೋಡಬಹುದು. ಒಂದು ಎತ್ತರದ ಲೋಟದಲ್ಲಿ ನೀರು ತುಂಬಿ, ಎಳನೀರಿಗೆ ಕೊಡುವಂಥ ಸ್ಟ್ರಾ ಒಂದನ್ನು 7 ಸೆಂಟಿಮೀಟರ್ ಆಳಕ್ಕೆ ಇಳಿಸಿ ಊದಿ. ಗುಳ್ಳೆ ಏಳಲು ನೀವು ಕೊಟ್ಟ ಬಲ ಹೆಚ್ಚುಕಡಿಮೆ ಸಾಧಾರಣ ಮಾತಿಗೆ ಬೇಕಾದ ಬಲವೇ. ಅದು 5ರಿಂದ 10 ಸೆಂಟಿಮೀಟರ್ ನೀರಿನ ಒತ್ತಡದ ನಡುವೆ ಇರುತ್ತದೆ. ಈಗ ಒಂದೇ ಉಸಿರಿನಲ್ಲಿ 10 ಸೆಕೆಂಡ್ ಗುಳ್ಳೆಗಳು ಒಂದೇ ಸಮನೆ ಬರುವಂತೆ ಊದಿ. ಬಹುಪಾಲು ಜನರಿಗೆ ಮೊದಲ ಎರಡು ಸೆಕೆಂಡ್ ಭರ್ರೆಂದು ಗುಳ್ಳೆ ಬಂದು, ಆರನೆಯ ಸೆಕೆಂಡಿಗೆ ಒಂದೊಂದೇ ಏಳುತ್ತದೆ. ನಿಮ್ಮ ವಾಕ್ಯಗಳೂ ಹೀಗೇ ಮುಗಿಯುತ್ತಿವೆ ಎಂದು ತಿಳಿಯಿರಿ. ಮೊದಲು ಕಡಿಮೆ ಬಿಟ್ಟು, ಕೊನೆಗೆ ಹೊಟ್ಟೆಯಿಂದ ತಳ್ಳಿ, ಗುಳ್ಳೆಯ ಲಯ ಕೆಡದಂತೆ ನೋಡಿಕೊಳ್ಳುವುದೇ ಅಭ್ಯಾಸ. ಆಮೇಲೆ ಸ್ಟ್ರಾವನ್ನು 2–3 ಸೆಂಟಿಮೀಟರಿಗೆ ಎತ್ತಿ, ಊದುತ್ತಲೇ 'ಊ' ಎಂದು ದನಿ ಸೇರಿಸಿ, ಮೇಲಕ್ಕೂ ಕೆಳಕ್ಕೂ ಜಾರಿಸಿ. ತುಟಿಯ ಬಳಿ ದಾರಿ ಕಿರಿದಾದಾಗ ಹಿಂದಕ್ಕೆ ಬೀಳುವ ಒತ್ತಡದಿಂದ ಧ್ವನಿತಂತುಗಳು ಒಂದಕ್ಕೊಂದು ಜೋರಾಗಿ ಬಡಿದುಕೊಳ್ಳುವುದಿಲ್ಲ. ಧ್ವನಿ ಚಿಕಿತ್ಸಕರು ಹಾಡುಗಾರರಿಗೂ ಶಿಕ್ಷಕರಿಗೂ ಹೇಳಿಕೊಡುವ ವ್ಯಾಯಾಮ ಇದು. ಭಾಷಣಕ್ಕೆ ಮೊದಲು ಐದು ನಿಮಿಷ ಸಾಕು.

ಉಸಿರಿನದು ಅರ್ಧ ಪರಿಹಾರ. ಇನ್ನರ್ಧ ವಾಕ್ಯದ ಕಟ್ಟಡದಲ್ಲಿದೆ. 'ಮಾಡಿ', 'ಹೋಗಿ', 'ನಿಂತು' ಎಂದು ಪೋಣಿಸುತ್ತಾ ಹೋಗಲು ಕನ್ನಡ ಬಿಡುವುದರಿಂದ ಬರೆದುಕೊಂಡ ಭಾಷಣಗಳು ರೈಲಿನಷ್ಟು ಉದ್ದವಾಗುತ್ತವೆ. "ಕಳೆದ ಜೂನಿನಲ್ಲಿ ಆರಂಭವಾಗಿ, ಮಳೆಯಿಂದಾಗಿ ಎರಡು ತಿಂಗಳು ನಿಂತು, ದಸರಾ ಮುಗಿದ ಮೇಲೆ ಮತ್ತೆ ಶುರುವಾದ ನಮ್ಮ ಶಾಲೆಯ ಹೊಸ ಕಟ್ಟಡದ ಕೆಲಸ ಈಗ ಪೂರ್ಣಗೊಂಡಿದೆ." ಓದಲು ಏನೂ ತೊಂದರೆಯಿಲ್ಲ. ಕೇಳುವವನು ಮಾತ್ರ ಏನು ಆರಂಭವಾಯಿತು, ಏನು ನಿಂತಿತು ಎಂದು ತಿಳಿಯದೆ ಎಲ್ಲವನ್ನೂ ಹೊತ್ತುಕೊಂಡು ಕಾಯಬೇಕು. ಮನಸ್ಸು ಒಮ್ಮೆಗೆ ಹಿಡಿದುಕೊಳ್ಳುವುದು ಸುಮಾರು ನಾಲ್ಕು ತುಣುಕುಗಳನ್ನಷ್ಟೇ. ಇದನ್ನೇ ಜಗುಲಿಯ ಮೇಲೆ ಕೂತು ಹೇಳುವುದಾದರೆ ಹೇಗೆ ಹೇಳುತ್ತಿದ್ದಿರಿ? "ನಮ್ಮ ಶಾಲೆಯ ಹೊಸ ಕಟ್ಟಡ ಮುಗೀತು. ಕೆಲಸ ಶುರುವಾಗಿದ್ದು ಕಳೆದ ಜೂನಿನಲ್ಲಿ. ಮಳೆಗೆ ಎರಡು ತಿಂಗಳು ನಿಂತಿತ್ತು. ದಸರಾ ಆದ ಮೇಲೆ ಮತ್ತೆ ಹಿಡಿದ್ವಿ." ನಾಲ್ಕು ವಾಕ್ಯ, ನಾಲ್ಕು ಉಸಿರು, ನಾಲ್ಕು ಕ್ರಿಯಾಪದ. ಎರಡನೆಯ ವಾಕ್ಯದಲ್ಲಿ ಕ್ರಿಯೆ ಮೊದಲೇ ಬಂದು 'ಜೂನಿನಲ್ಲಿ' ಕೊನೆಗೆ ಹೋಗಿದೆ, ನೋಡಿ. ಆಡುಮಾತಿಗೆ ಈ ಉಪಾಯ ಮೊದಲಿನಿಂದಲೂ ಗೊತ್ತು, ವೇದಿಕೆ ಹತ್ತಿದ ತಕ್ಷಣ ನಾವೇ ಮರೆಯುತ್ತೇವೆ.

ಮರೆಯುವುದಕ್ಕೆ ಕಾರಣ ಭಯ. ಹಳಬರು ಇದಕ್ಕೆ ಸಭಾಕಂಪನ ಎಂದು ತೀರಾ ಸರಿಯಾದ ಹೆಸರಿಟ್ಟಿದ್ದಾರೆ. ನಿಜಕ್ಕೂ ಅದು ಕಂಪನವೇ. ಮನುಷ್ಯನಲ್ಲಿ ಒತ್ತಡ ಹುಟ್ಟಿಸಿ ಅಳೆಯಬೇಕೆಂದಾಗ ಪ್ರಯೋಗಾಲಯದವರು ಹಾವು, ಚೇಳು ತರುವುದಿಲ್ಲ, ಭಾಷಣ ಮಾಡಿಸುತ್ತಾರೆ. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದಲ್ಲಿ ರೂಪಿಸಿ 1993ರಲ್ಲಿ ಪ್ರಕಟಿಸಿದ ಪರೀಕ್ಷೆ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. 10 ನಿಮಿಷದ ತಯಾರಿ, ಮುಖದಲ್ಲಿ ಯಾವ ಭಾವವನ್ನೂ ತೋರಿಸದ ಸಮಿತಿಯ ಎದುರು 5 ನಿಮಿಷದ ಭಾಷಣ, ಮತ್ತೆ 5 ನಿಮಿಷ 1022ರಿಂದ 13ನ್ನು ಕಳೆಯುತ್ತಾ ಹೋಗುವ ಬಾಯಿಲೆಕ್ಕ. ಇಷ್ಟಕ್ಕೇ ಎಂಜಲಿನಲ್ಲಿರುವ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಎರಡರಿಂದ ನಾಲ್ಕು ಪಟ್ಟು ಏರುತ್ತದೆ. ಎದೆ ಡವಡವ, ಅಂಗೈ ಬೆವರು ಎನ್ನುವುದು ನಿಮ್ಮೊಬ್ಬರ ದೌರ್ಬಲ್ಯವೇನಲ್ಲ.

ಭಯವಾದಾಗ ರಕ್ತಕ್ಕೆ ನುಗ್ಗುವ ಅಡ್ರಿನಲಿನ್ ಎಂಬ ಹಾರ್ಮೋನು ಮಾಡುವ ಕೆಲಸಗಳಲ್ಲಿ ಭಾಷಣಕ್ಕೆ ಹೆಚ್ಚು ಪೆಟ್ಟು ಕೊಡುವುದು ಉಸಿರು ಎದೆಯ ಮೇಲ್ಭಾಗಕ್ಕೆ ಏರುವುದು. ಚಿಕ್ಕ ಉಸಿರು, ಬೇಗ ಮುಗಿಯುವ ಗಾಳಿ. ಮತ್ತೆ ಬಲಿಯಾಗುವುದು ಕ್ರಿಯಾಪದವೇ. ಇದಕ್ಕೆ ಮದ್ದು ಉಸಿರು ಬಿಡುವುದರಲ್ಲಿದೆ. ಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಇಳಿದುಬರುವ ವೇಗಸ್ ನರ ಬಡಿತವನ್ನು ನಿಧಾನಿಸುತ್ತದೆ. ನಿಮ್ಮ ಹೆಸರು ಕರೆಯುವ ಮೊದಲಿನ ಎರಡು ನಿಮಿಷ, ಕುರ್ಚಿಯಲ್ಲಿ ಕೂತೇ, 4 ಎಣಿಸುವಷ್ಟು ಹೊತ್ತು ಎಳೆದುಕೊಂಡು 6 ಎಣಿಸುವಷ್ಟು ಹೊತ್ತು ಬಿಡಿ. ನಿಮಿಷಕ್ಕೆ ಆರು ಉಸಿರು. 'ದೀರ್ಘವಾಗಿ ಉಸಿರೆಳೆದುಕೊಳ್ಳಿ' ಎಂಬ ಸಲಹೆಯನ್ನು ನಂಬಿ ಬರೀ ಎಳೆದುಕೊಳ್ಳುತ್ತಾ ಹೋದರೆ ತಲೆ ಸುತ್ತುವುದೇ ಗಳಿಕೆ.

ಹೃದಯದ ಬಡಿತ ಸಾಮಾನ್ಯವಾಗಿ ಅತಿ ಹೆಚ್ಚಿರುವುದು ಮಾತು ಶುರುವಾದ ಮೊದಲ ನಿಮಿಷದಲ್ಲಿ. ಆಮೇಲೆ ತಾನಾಗಿ ಇಳಿಯುತ್ತದೆ. ಹಾಗಾಗಿ ಮೊದಲ ಮೂರು ವಾಕ್ಯಗಳನ್ನು ಮಾತ್ರ ಬಾಯಿಪಾಠ ಮಾಡಿರಬೇಕು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುವಷ್ಟು. ನಮ್ಮ ಸಭೆಗಳಲ್ಲಿ 'ವೇದಿಕೆಯ ಮೇಲೆ ಆಸೀನರಾಗಿರುವ…' ಎಂಬ ನಾಮಾವಳಿ ಈ ಹೊತ್ತಿನಲ್ಲೇ ಬರುತ್ತದೆ. ಕೇಳುವವರಿಗೆ ಅದು ಆಕಳಿಕೆ, ಆದರೆ ಹೇಳುವವರ ಎದೆ ತಹಬಂದಿಗೆ ಬರಲು ಅನುಕೂಲ. 20 ಸೆಕೆಂಡಿನೊಳಗೆ ಮುಗಿಸಿದರೆ ಇಬ್ಬರಿಗೂ ಒಳ್ಳೆಯದು. ಹೆಸರುಗಳನ್ನು ಮಾತ್ರ ನೆನಪಿಗೆ ಬಿಡಬೇಡಿ. ಅಧ್ಯಕ್ಷರ ಹೆಸರು ಮರೆಯುವುದು ಸರಿಯಾಗಿ ಇದೇ ಮೊದಲ ನಿಮಿಷದಲ್ಲಿ.

ನಡುಕ ಎಲ್ಲರಿಗೂ ಕಾಣುತ್ತಿದೆ ಎನ್ನಿಸುವುದು ಇನ್ನೊಂದು ಕಾಟ. ಸವಿಟ್ಸ್ಕಿ ಮತ್ತು ಗಿಲೋವಿಚ್ ಎಂಬ ಮನೋವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕಾರರು ತಮ್ಮ ಅಳುಕು ಎಷ್ಟು ಬಯಲಾಗಿದೆ ಎಂದುಕೊಂಡಿದ್ದರೋ ಕೇಳುಗರಿಗೆ ಅಷ್ಟು ಕಂಡಿರಲಿಲ್ಲ. ಈ ಸಂಗತಿಯನ್ನು ಮುಂಚೆಯೇ ತಿಳಿಸಿದ ಭಾಷಣಕಾರರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು. ಇದನ್ನು ಓದಿದ ನಿಮಗೂ ಆ ಲಾಭ ಸಿಕ್ಕಿತೆಂದುಕೊಳ್ಳಿ. ಕೈ ನಡುಗುವುದು ಕಾಣುವುದು ಒಂದೇ ಕಡೆ: ಕೈಯಲ್ಲಿ ಹಿಡಿದ ಎ4 ಹಾಳೆಯ ತುದಿಯಲ್ಲಿ. ಬೆರಳಿನ ಸಣ್ಣ ಅದುರನ್ನು ಉದ್ದನೆಯ ಕಾಗದ ದೊಡ್ಡದು ಮಾಡಿ ತೋರಿಸುತ್ತದೆ. ಅಂಗೈ ಅಗಲದ ದಪ್ಪ ರಟ್ಟಿನ ಚೀಟಿ ಅದುರುವುದಿಲ್ಲ.

ಬಾಯಿ ಒಣಗುವುದು ಎಂಜಲು ಕಡಿಮೆಯಾಗಿ. ವೇದಿಕೆಯ ಮೇಲೆ ಒಂದು ಗುಟುಕು ನೀರು ನಾಲಿಗೆಯನ್ನು ನೆನೆಸುತ್ತದೆ, ಧ್ವನಿತಂತುಗಳನ್ನು ಮುಟ್ಟುವುದಿಲ್ಲ (ಮುಟ್ಟಿದರೆ ನೆತ್ತಿಗೆ ಹತ್ತುತ್ತದೆ). ಅವಕ್ಕೆ ಬೇಕಾದ ತೇವ ರಕ್ತದ ಮೂಲಕ ಬರಬೇಕು, ಅದಕ್ಕೆ ಬೆಳಗಿನಿಂದಲೇ ನೀರು ಕುಡಿದಿರಬೇಕು. ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಮಾತ್ರೆಯ ಬಗ್ಗೆಯೂ ಕೆಲವರು ಕೇಳುತ್ತಾರೆ. ಅಸ್ತಮಾ ಇರುವವರಿಗೆ ಅದು ಅಪಾಯಕಾರಿ. ವೈದ್ಯರು ಬರೆದುಕೊಡದೆ ಯಾರೂ ನುಂಗುವಂಥದ್ದಲ್ಲ.

ಚೀಟಿಯಲ್ಲಿ ಏನು ಬರೆಯಬೇಕು? ಕರಾವಳಿ, ಮಲೆನಾಡಿನ ತಾಳಮದ್ದಳೆ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ನೋಡಿದವರಿಗೆ ಉತ್ತರ ಗೊತ್ತು. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಭಾಗವತರು ಪ್ರಸಂಗದ ಒಂದು ಪದ್ಯ ಹಾಡುತ್ತಾರೆ, ಪಾತ್ರವಾಗಿ ಮಾತಾಡುವ ಅರ್ಥಧಾರಿ ಅದನ್ನು ಹಿಡಿದು ಬೆಳೆಸುತ್ತಾರೆ, ಎದುರಾಳಿಯ ಮಾತಿಗೆ ಅಲ್ಲೇ ಜವಾಬು ಕೊಡುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಹೆಸರಾದದ್ದು ಹೀಗೆ. ಅವರ ತಲೆಯಲ್ಲಿ ಇದ್ದದ್ದು ಕಥೆಯ ದಾರಿ, ಪಾತ್ರದ ನಿಲುವು ಮತ್ತು ಎದುರಿಗೆ ಬರುವ ಪದ್ಯ. ನಿಮ್ಮ ಚೀಟಿಯಲ್ಲೂ ಇರಬೇಕಾದದ್ದು 'ಪದ್ಯ' ಮಾತ್ರ: ಹತ್ತು ನಿಮಿಷಕ್ಕೆ ಮೂರೋ ನಾಲ್ಕೋ ವಿಷಯ, ಒಂದೊಂದಕ್ಕೆ ಎರಡೇ ಪದ, ಮಾರುದ್ದದಿಂದ ಓದಲು ಬರುವಷ್ಟು ದಪ್ಪ ಅಕ್ಷರ. ಜೊತೆಗೆ ತಪ್ಪಬಾರದ ಅಂಕಿ ಮತ್ತು ಹೆಸರು. ಪೂರ್ತಿ ಬಾಯಿಪಾಠ ಮಾಡಿದ ಭಾಷಣ ಮಗ್ಗಿಯ ಹಾಗೆ. ಒಂದು ಕೊಂಡಿ ಕಳಚಿದರೆ ಮೊದಲಿನಿಂದ ಹೇಳಬೇಕು, ಸಭೆಯಲ್ಲಿ ಮೊದಲಿನಿಂದ ಹೇಳಲು ಬರುವುದಿಲ್ಲ.

ವೇಗದ ಬಗ್ಗೆ ಒಂದು ಎಚ್ಚರಿಕೆ. ನಿಮಿಷಕ್ಕೆ 130ರಿಂದ 150 ಪದ ಎಂಬ ಲೆಕ್ಕ ಇಂಗ್ಲಿಷಿನದು. 'ಮನೆಯವರೊಂದಿಗಾದರೂ' ಎಂಬುದು ನಮಗೆ ಒಂದೇ ಪದ, ಇಂಗ್ಲಿಷಿನಲ್ಲಿ ಅದು ಒಂದು ಸಾಲು. ಕನ್ನಡದಲ್ಲಿ ಪದ ಎಣಿಸಿ ಪ್ರಯೋಜನವಿಲ್ಲ. ನಿಂತು, ಗಟ್ಟಿಯಾಗಿ ಹೇಳಿ, ಮೊಬೈಲಿನಲ್ಲಿ ಸಮಯ ನೋಡಿ; ಐದು ನಿಮಿಷದ ಭಾಷಣವಾದರೆ ನಾಲ್ಕು ನಿಮಿಷಕ್ಕೆ ಮುಗಿಯುವಷ್ಟು ಸರಕು ಸಾಕು.

'ಆಂ…', 'ಏನಪ್ಪಾ ಅಂದ್ರೆ', 'ಆಕ್ಚುಲಿ' ಇವುಗಳನ್ನು ಬೈದು ಓಡಿಸಲಾಗದು, ಯಾಕೆ ಬರುತ್ತವೆ ಎಂದು ತಿಳಿದರೆ ಅರ್ಧ ಉದುರುತ್ತವೆ. ಮಾತುಕತೆಯಲ್ಲಿ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಸಂದು ಸರಾಸರಿ ಸುಮಾರು 0.2 ಸೆಕೆಂಡ್. ಒಂದು ಪದವನ್ನು ಹುಡುಕಿ ನಾಲಿಗೆಗೆ ತರಲು ಅರ್ಧ ಸೆಕೆಂಡಿಗೂ ಹೆಚ್ಚು ಬೇಕು. ಅಷ್ಟರಲ್ಲಿ ಬೇರೆಯವರು ಬಾಯಿ ಹಾಕದಿರಲೆಂದು 'ಆಂ' ಎಂದು ಟವಲ್ ಹಾಸಿ ಸೀಟು ಹಿಡಿಯುತ್ತೇವೆ. ವೇದಿಕೆಯ ಮೇಲೆ ನಿಮ್ಮ ಸೀಟಿಗೆ ಯಾರೂ ಬರುವುದಿಲ್ಲ. ಪದ ಸಿಗುವವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಆಯಿತು.

ಇನ್ನು ಮೈಕು. ಕೈಯಲ್ಲಿ ಹಿಡಿಯುವ ಮೈಕಿಗೆ ತುಟಿಯಿಂದ ನಾಲ್ಕು ಬೆರಳು ದೂರ, ಪೋಡಿಯಮ್ಮಿನ ಬಳುಕುವ ಮೈಕಿಗೆ ಒಂದು ಗೇಣು. ಕೈಮೈಕನ್ನು ಮಾತಿನ ಭರದಲ್ಲಿ ಗೇಣಿನಷ್ಟು ಕೆಳಗಿಳಿಸಿದರೆ ಸುಮಾರು 9 ಡೆಸಿಬೆಲ್ ನಷ್ಟ, ಕಿವಿಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಂತೆ. ವಾಕ್ಯ ಮುಗಿಯುವಾಗ ಕೈ ಇಳಿಸುವ ಚಾಳಿ ಬಹಳ ಜನರಿಗಿದೆ. ಉಸಿರಿನ ಜೊತೆ ಮೈಕೂ ಕೈಕೊಟ್ಟಂತಾಯಿತು. 'ಭಾರತ', 'ಬಂಧುಗಳೇ', 'ಪ್ರೀತಿಯ' ಎಂದಾಗ ಬರುವ 'ಧಪ್' ಸದ್ದಿಗೆ ಕಾರಣ ಪ, ಬ, ಭಗಳ ಗಾಳಿಯ ಗುದ್ದು. ಮೈಕನ್ನು ಗದ್ದದ ಕೆಳಗೆ ಓರೆಯಾಗಿ ಹಿಡಿದರೆ ಆ ಗಾಳಿ ಮೇಲಿಂದ ಹಾದುಹೋಗುತ್ತದೆ. ಜಾಲರಿಯ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿದರೆ, ಅಥವಾ ಸ್ಪೀಕರ್ ಬಾಕ್ಸಿನ ಮುಂದೆ ಹೋಗಿ ನಿಂತರೆ 'ಕುಂಯ್' ಎನ್ನುತ್ತದೆ. ಬಾಕ್ಸಿನಿಂದ ಬಂದ ಸದ್ದು ಮತ್ತೆ ಮೈಕಿಗೇ ಹೊಕ್ಕು ಸುತ್ತುತ್ತಿರುತ್ತದೆ. ಆಗ ಮೈಕ್‌ಸೆಟ್ಟಿನವರನ್ನು ಗದರುವ ಬದಲು ಜಾಲರಿಯಿಂದ ಕೈ ತೆಗೆದು, ಬಾಕ್ಸಿನ ಹಿಂದಕ್ಕೆ ಸರಿಯಿರಿ.

ನಮ್ಮ ಕಲ್ಯಾಣ ಮಂಟಪಗಳು ನಾಗಸ್ವರಕ್ಕೆ ಹೇಳಿ ಮಾಡಿಸಿದವು, ಮಾತಿಗೆ ಕೆಟ್ಟವು: ನುಣುಪು ಟೈಲ್ಸು, ಗಾಜು, ಬೋಳು ಗೋಡೆ. 1895ರಲ್ಲಿ ಹಾರ್ವರ್ಡ್‌ನ ಫಾಗ್ ಸಂಗ್ರಹಾಲಯದ ಉಪನ್ಯಾಸ ಕೋಣೆಯಲ್ಲಿ ಹೀಗೇ ಆಯಿತು. ಒಂದು ಸದ್ದು ಅಲ್ಲಿ ಗೋಡೆಯಿಂದ ಗೋಡೆಗೆ ಬಡಿಯುತ್ತಾ ಐದೂವರೆ ಸೆಕೆಂಡ್ ಅನುರಣಿಸುತ್ತಿತ್ತು. ವ್ಯಾಲೇಸ್ ಸಬೈನ್ ಎಂಬ ತರುಣ ಭೌತವಿಜ್ಞಾನಿ ಪಕ್ಕದ ಸಭಾಂಗಣದ ಸೀಟಿನ ದಿಂಬುಗಳನ್ನು ರಾತ್ರಿ ಹೊತ್ತು ಹೊತ್ತು ತಂದು, ಎಷ್ಟು ದಿಂಬಿಗೆ ಎಷ್ಟು ಅನುರಣನ ತಗ್ಗುತ್ತದೆಂದು ಅಳೆದರು. ಸಭಾಂಗಣಗಳ ಧ್ವನಿವಿಜ್ಞಾನ ಹುಟ್ಟಿದ್ದು ಅಲ್ಲಿ. ಮಾತಿಗೆ ಒಂದು ಸೆಕೆಂಡಿನೊಳಗಿದ್ದರೆ ಚೆನ್ನ. ಅನುರಣನ ಹೆಚ್ಚಿರುವ ಕಡೆ ವಾಕ್ಯದ ನಡುವಿನ ಗಟ್ಟಿ ಅಕ್ಷರಗಳ ಬಾಲ ಮೆಲುದನಿಯ ಕ್ರಿಯಾಪದದ ಮೇಲೆ ಬಿದ್ದು ಅದನ್ನು ಮುಚ್ಚಿಬಿಡುತ್ತದೆ. ಅಲ್ಲಿ ಜೋರಾಗಿ ಕೂಗಿದರೆ ಬಾಲವೂ ಜೋರಾಗುತ್ತದೆ ಅಷ್ಟೇ. ಕೊನೆಯ ಪದಕ್ಕೆ ಮುನ್ನ ಚೂರು ತಡೆದು, ಅದನ್ನು ಬಿಡಿಸಿ ಹೇಳಿ, ಮುಗಿದ ಮೇಲೆ ಒಂದು ಸೆಕೆಂಡ್ ಬಿಡಿ. ಜನ ತುಂಬಿದ ಮೇಲೆ ಮೈ, ಬಟ್ಟೆ ಎಲ್ಲ ಸದ್ದನ್ನು ಹೀರಿಕೊಳ್ಳುವುದರಿಂದ ಬೆಳಗ್ಗೆ ಖಾಲಿ ಮಂಟಪದಲ್ಲಿ ಕೇಳಿದ್ದಕ್ಕಿಂತ ಸಂಜೆ ವಾಸಿಯಾಗಿರುತ್ತದೆ.

ಅಭ್ಯಾಸಕ್ಕೆ ಮೊಬೈಲನ್ನು ಕೈಗೆಟುಕುವಲ್ಲಿ ಇಡಬೇಡಿ. ರೆಕಾರ್ಡಿಂಗ್ ಹಚ್ಚಿ, ಕೋಣೆಯ ಆ ತುದಿಯ ಕಪಾಟಿನ ಮೇಲಿಟ್ಟು, ಈ ತುದಿಯಲ್ಲಿ ನಿಂತು ಮಾತಾಡಿ. ಕೇಳುವಾಗ ದನಿ ತೆಳುವೆನಿಸಿದರೆ ಬೇಸರ ಬೇಡ. ತಲೆಬುರುಡೆಯ ಮೂಲಕ ನಿಮಗೆ ಕೇಳಿಸುವ ಮಂದ್ರ ಭಾಗ ಬೇರೆಯವರಿಗೆ ಎಂದೂ ಕೇಳಿಸಿದ್ದಿಲ್ಲ. ಕಾಗದದ ಮೇಲೆ ಕ್ರಿಯಾಪದಗಳನ್ನು ಮಾತ್ರ ಬರೆದುಕೊಳ್ಳುತ್ತಾ ಹೋಗಿ. ಬರೆಯಲಾಗದೆ ಬಿಟ್ಟ ಜಾಗಗಳೇ ತಿದ್ದಬೇಕಾದವು. ದಿನಕ್ಕೆ ಒಂದು ಸಲ, ನಾಲ್ಕೈದು ದಿನ ಬೇರೆ ಬೇರೆ ಹೊತ್ತಿನಲ್ಲಿ ಹೇಳಿದ್ದು, ಹಿಂದಿನ ರಾತ್ರಿ ಐದು ಸಲ ಹೇಳಿದ್ದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ.

ಅತಿ ಹೆಚ್ಚು ನುಂಗಿಹೋಗುವ ವಾಕ್ಯ ಭಾಷಣದ ಕೊನೆಯದು. "ಇಷ್ಟು ಹೇಳಿ ನನ್ನ ಮಾತು ಮುಗಿಸ್…" ಎನ್ನುವಷ್ಟರಲ್ಲಿ ಕಣ್ಣು ಕುರ್ಚಿಯ ಕಡೆ, ಒಂದು ಕಾಲು ಮೆಟ್ಟಿಲ ಕಡೆ ತಿರುಗಿರುತ್ತದೆ. ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಸಭೆ ಅನುಮಾನಿಸುತ್ತದೆ. ಪಾದ ಎರಡೂ ನೆಲದ ಮೇಲಿರಲಿ, 'ಮುಗಿಸುತ್ತೇನೆ' ಪೂರ್ತಿ ಬರಲಿ, ಮನಸ್ಸಿನಲ್ಲೇ ಎರಡು ಎಣಿಸಿ, ಆಮೇಲೆ ಮೈಕು ಕೊಡಿ.